ಲೇಖನಿಯ ಹೊಣೆ ಮತ್ತು ಪದವಿಯ ಆಯ್ಕೆ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ನಂತರದ ಕೆಲವು ವಾರಗಳು ನಮ್ಮ ಮನೆಗಳಲ್ಲಿ ಸಮಾಲೋಚನೆಯ ದಿನಗಳು. ಬಾಗಲಗುಂಟೆ, ಮಲ್ಲಸಂದ್ರ, ದಾಸರಹಳ್ಳಿಗಳಲ್ಲಿ ನೆಲೆಸಿರುವ ಮುಸ್ಲಿಮ್ ಕುಟುಂಬಗಳ ಪೈಕಿ ಪೀಣ್ಯದ ಕಾರ್ಖಾನೆಗಳನ್ನೋ ಸಣ್ಣ ವ್ಯಾಪಾರವನ್ನೋ ನೆಚ್ಚಿ ಬದುಕುವವರಿದ್ದಾರೆ. ವಾಣಿಜ್ಯ, ಇಂಜಿನಿಯರಿಂಗ್, ನರ್ಸಿಂಗ್ ಎಂಬ ಪದಗಳು ಅಲ್ಲಿ ಭರವಸೆ ಹುಟ್ಟಿಸುತ್ತವೆ. ಇವುಗಳ ನಡುವೆ ಮಗನೋ ಮಗಳೋ ತಾನು ಬರವಣಿಗೆಯನ್ನು ಕಲಿಯಬೇಕೆಂದು ಹೇಳಿದರೆ ಹಿರಿಯರು ಮೊದಲು ಮೌನವಾಗುತ್ತಾರೆ. ಮೌನ ಮುರಿದ ಮೇಲೆ ಹೆಚ್ಚಾಗಿ ಕೇಳಿಬರುವುದು ಒಂದೇ ಮಾತು: "ಹಾಗಾದರೆ ಪತ್ರಿಕೋದ್ಯಮ ಓದಲಿ. ಮಾಧ್ಯಮದಲ್ಲಿ ನಮ್ಮವರಿಲ್ಲ. ಉತ್ತರ ಕೊಡಲು ಒಬ್ಬರಾದರೂ ಬೇಡವೇ?"

ಈ ಮಾತಿನ ಹಿಂದಿರುವ ನೋವನ್ನು ನಾವು ಬಲ್ಲೆವು. ಆದರೂ ಸಮುದಾಯದ ಗಾಯವನ್ನು ಮುಂದಿಟ್ಟುಕೊಂಡು ಮಗುವಿನ ಅಧ್ಯಯನ ಶಾಖೆಯನ್ನು ನಿರ್ಧರಿಸುವುದು ಸರಿಯಲ್ಲ ಎಂಬುದು ನಮ್ಮ ನಿಲುವು. ಬರವಣಿಗೆಯ ಪ್ರತಿಯೊಂದು ಶಾಖೆಯೂ ಒಂದು ಅಮಾನತ್, ಅಂದರೆ ನಂಬಿ ಒಪ್ಪಿಸಲಾದ ಹೊಣೆ. ಯಾವ ಹೊಣೆಯನ್ನು ಈ ಮಗು ಜೀವಮಾನವಿಡೀ ಪ್ರಾಮಾಣಿಕವಾಗಿ ಹೊರಬಲ್ಲದು ಎಂಬುದೇ ಕೇಳಬೇಕಾದ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳಿದರೆ, ನಾವು ಈವರೆಗೆ ಲೆಕ್ಕಕ್ಕೇ ತೆಗೆದುಕೊಳ್ಳದ ಅನುವಾದ ಎಂಬ ಶಾಖೆಯೂ ಕಣ್ಣಿಗೆ ಬೀಳುತ್ತದೆ.

ಪವಿತ್ರ ಕುರ್‌ಆನ್‌ನ ಪ್ರಥಮ ವಾಣಿಯಲ್ಲೇ ಓದು ಮತ್ತು ಲೇಖನಿಯ ಪ್ರಸ್ತಾಪವಿದೆ ಎಂಬುದನ್ನು ನಮ್ಮ ವೇದಿಕೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಹೇಳದ ಇನ್ನೊಂದು ಸಂಗತಿಯಿದೆ. ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತವಾದ ಅಲ್‌ಬಕರದ 282ನೆಯ ಸೂಕ್ತವು ಸಾಲದ ಪತ್ರವನ್ನು ಬರೆಯುವ ಕುರಿತಾಗಿದೆ. ಅಲ್ಲಿ ಬರಹಗಾರನಿಗೆ ನ್ಯಾಯದಿಂದ ಬರೆಯಬೇಕೆಂಬ ಆಜ್ಞೆಯಿದೆ. ಅಲ್ಲಾಹನು ಕಲಿಸಿದ ವಿದ್ಯೆಯಾದುದರಿಂದ ಬರೆಯಲು ನಿರಾಕರಿಸಬಾರದೆಂಬ ತಾಕೀತಿದೆ. ಜೊತೆಗೆ, ಬರಹಗಾರನಿಗೆ ತೊಂದರೆ ಕೊಡಬಾರದೆಂದು ಸಮಾಜಕ್ಕೂ ಎಚ್ಚರಿಕೆಯಿದೆ. ಸಾಲ ಕೊಟ್ಟವನು ಮತ್ತು ಪಡೆದವನು ಎಂಬ ಎರಡು ಪಕ್ಷಗಳ ನಡುವೆ ಕುಳಿತ ಬರಹಗಾರನು ಯಾರ ಕಡೆಯವನೂ ಅಲ್ಲ, ಸತ್ಯದ ಕಡೆಯವನು. ಲೇಖನಿ ಹಿಡಿಯಲು ಹೊರಟ ನಮ್ಮ ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾದ ವೃತ್ತಿ ಸಂಹಿತೆ ಬೇಕಿಲ್ಲ. ಇನ್ನು ಒಂದೊಂದೇ ಶಾಖೆಯನ್ನು ನೋಡೋಣ.

ಮೊದಲಿಗೆ ಒಂದು ವಾಸ್ತವ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲೇ ಬರಹಗಾರರ ಶಿಕ್ಷಣ ಆರಂಭವಾಯಿತು. ಇಂದು ಅಲ್ಲಿ ಕಥೆ, ಕಾವ್ಯ, ಪ್ರಬಂಧ ಮತ್ತು ಅನುವಾದಗಳಿಗೆ ಬೇರೆ ಬೇರೆ ಸ್ನಾತಕೋತ್ತರ ಅಧ್ಯಯನಗಳಿವೆ. ನಮ್ಮ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬರವಣಿಗೆಯನ್ನು ಸಾಮಾನ್ಯವಾಗಿ ಬಿ.ಎ.ಯ ಐಚ್ಛಿಕ ಕನ್ನಡ, ಐಚ್ಛಿಕ ಇಂಗ್ಲಿಷ್ ಮತ್ತು ಪತ್ರಿಕೋದ್ಯಮದ ಬಾಗಿಲುಗಳಿಂದ ಪ್ರವೇಶಿಸಬೇಕು. ವಿಶೇಷ ಅಧ್ಯಯನದ ಮುಖ್ಯ ಆಯ್ಕೆ ಸ್ನಾತಕೋತ್ತರ ಹಂತದಲ್ಲಿ ಬರುತ್ತದೆ. ರಾಜ್ಯವು 2021ರಲ್ಲಿ ತಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಕೈಬಿಟ್ಟು 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಹೀಗಾಗಿ ಆಲೋಚಿಸಲು ಸಿಗುವ ಕಾಲವೂ ಕಿರಿದಾಗಿದೆ. ಮೊದಲ ವರ್ಷ ಯಾವ ಐಚ್ಛಿಕಗಳನ್ನು ಹಿಡಿಯುತ್ತೇವೆ ಎಂಬುದು ಮುಂದಿನ ದಾರಿಯನ್ನು ಬಹಳಮಟ್ಟಿಗೆ ನಿರ್ಧರಿಸಿಬಿಡುತ್ತದೆ.

ಪತ್ರಿಕೋದ್ಯಮದ ಹೊಣೆ ಪರಿಶೀಲನೆ. ಸುದ್ದಿಯನ್ನು ತಂದವನು ನಂಬಲರ್ಹನಲ್ಲದಿದ್ದರೆ ಅದನ್ನು ಪರಿಶೀಲಿಸಿರಿ, ಅಜ್ಞಾನದಿಂದ ಯಾರಿಗೂ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡುವಂತಾಗಬಾರದು ಎಂಬ ಆಶಯದ ಬೋಧನೆ ಅಲ್‌ಹುಜುರಾತ್ ಅಧ್ಯಾಯದ 6ನೆಯ ಸೂಕ್ತದಲ್ಲಿದೆ. ಹದೀಸ್ ವಿದ್ವಾಂಸರು ಈ ಬೋಧನೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಯಾರು ಯಾರಿಂದ ಕೇಳಿದರು, ಅವರಿಬ್ಬರೂ ನಿಜವಾಗಿ ಭೇಟಿಯಾಗಿದ್ದರೇ, ಆ ವ್ಯಕ್ತಿಯ ನೆನಪಿನ ಶಕ್ತಿ ಹೇಗಿತ್ತು ಎಂಬುದನ್ನೆಲ್ಲ ತೂಗಿ ನೋಡಿದರು. ತಮಗೆ ಪ್ರಿಯವಾದ ಅರ್ಥವಿದ್ದರೂ ವರದಿಗಾರರ ಸರಪಳಿ ದುರ್ಬಲವಾಗಿದ್ದರೆ ಆ ವರದಿಯನ್ನು ದುರ್ಬಲವೆಂದೇ ದಾಖಲಿಸಿದರು. ಈ ಪರಂಪರೆಯ ವಾರಸುದಾರರಾದ ನಾವು ಇಂದು ವಾಟ್ಸ್ಆ್ಯಪ್‌ನಲ್ಲಿ ಬಂದುದನ್ನು ಕಣ್ಣುಮುಚ್ಚಿ ಮುಂದಕ್ಕೆ ಕಳುಹಿಸುತ್ತಿರುವುದು ವಿಷಾದನೀಯ.

ಆದುದರಿಂದ ಪತ್ರಿಕೋದ್ಯಮವನ್ನು ಆರಿಸಿಕೊಳ್ಳುವ ಮಗುವಿನಲ್ಲಿ ನೋಡಬೇಕಾದ ಗುಣ ಕೋಪವಲ್ಲ. ನಮ್ಮವರ ಮೇಲಿನ ಸುಳ್ಳನ್ನು ಬಯಲಿಗೆಳೆಯುವ ಉತ್ಸಾಹ ಎಲ್ಲರಲ್ಲೂ ಇರುತ್ತದೆ. ನಮ್ಮವರೇ ಹರಡಿದ ಸುಳ್ಳನ್ನು ಸುಳ್ಳೆಂದು ಬರೆಯುವ ಧೈರ್ಯವಿದೆಯೇ? ಮಸೀದಿಯ ಲೆಕ್ಕಪತ್ರದಲ್ಲಿ ದೋಷ ಕಂಡರೆ ಎರಡೂ ಕಡೆಯವರನ್ನು ವಿಚಾರಿಸಿ ವರದಿ ಮಾಡುವ ಸಂಯಮವಿದೆಯೇ? ಇದ್ದರೆ ಆ ಮಗು ಖಂಡಿತ ಪತ್ರಿಕೋದ್ಯಮ ಓದಲಿ. 1978ರಲ್ಲಿ ಮಂಗಳೂರಿನಿಂದ ಆರಂಭವಾದ ಸನ್ಮಾರ್ಗ ವಾರಪತ್ರಿಕೆ, 2003ರಲ್ಲಿ ಆರಂಭವಾದ ವಾರ್ತಾಭಾರತಿ ದಿನಪತ್ರಿಕೆಗಳು ಕನ್ನಡದ ಓದುಗರೊಂದಿಗೆ ಕನ್ನಡದಲ್ಲೇ ಮಾತನಾಡುವ ಹಾದಿಯನ್ನು ತೋರಿವೆ. ಆದರೆ ಇಡೀ ನಾಡಿನ ಸುದ್ದಿಮನೆಗಳಲ್ಲಿ ನೀರು, ಕೃಷಿ, ನ್ಯಾಯಾಲಯ, ಶಿಕ್ಷಣದ ವರದಿಗಾರರಾಗಿ ನಮ್ಮ ಮಕ್ಕಳು ಕಾಣಿಸಿಕೊಳ್ಳಬೇಕು. ಬಾಗಲಗುಂಟೆಯ ಒಳಚರಂಡಿಯ ಕುರಿತು ನಂಬಲರ್ಹವಾದ ವರದಿ ಬರೆದವರ ಮಾತನ್ನು, ಮುಂದೊಂದು ದಿನ ಸಮುದಾಯದ ಕುರಿತು ಅವರು ಬರೆದಾಗಲೂ ಜನ ಕೇಳುತ್ತಾರೆ. ಉತ್ತರ ಕೊಡುವುದಕ್ಕಷ್ಟೇ ಬಾಯಿ ತೆರೆಯುವವನ ಮಾತನ್ನು ಪ್ರಶ್ನೆ ಮುಗಿದೊಡನೆ ಜನ ಮರೆತುಬಿಡುತ್ತಾರೆ.

ಎರಡನೆಯದು ಕಥೆ, ಕಾದಂಬರಿ, ಕಾವ್ಯಗಳ ಸೃಜನಶೀಲ ಶಾಖೆ. ಇದರ ಹೊಣೆ ಸಾಕ್ಷ್ಯ. ಕವಿಗಳ ಕುರಿತಾದ ಅಧ್ಯಾಯದ ಕೊನೆಯಲ್ಲಿ ಕುರ್‌ಆನ್, ಕಂಡಕಂಡ ಕಣಿವೆಗಳಲ್ಲಿ ಅಲೆದಾಡುತ್ತಾ ತಾವು ಮಾಡದುದನ್ನು ಹೇಳುವವರನ್ನು ಟೀಕಿಸುತ್ತದೆ. ಅಲ್ಲಿಯೇ ಸತ್ಯವಿಶ್ವಾಸವಿರಿಸಿ ಸತ್ಕರ್ಮ ಮಾಡಿದವರಿಗೆ, ಮರ್ದಿತರಾದ ಬಳಿಕ ಪ್ರತಿರೋಧಿಸಿದವರಿಗೆ ವಿನಾಯಿತಿಯನ್ನೂ ನೀಡುತ್ತದೆ. ಪ್ರವಾದಿ(ಸ)ಯವರು ಕವಿ ಹಸ್ಸಾನ್ ಬಿನ್ ಸಾಬಿತ್(ರ)ರಿಗೆ ಮಸೀದಿಯಲ್ಲಿ ಪೀಠವನ್ನೇ ಇರಿಸಿದ್ದರೆಂದು ಹದೀಸ್‌ಗಳಲ್ಲಿದೆ. ಹೀಗಿರುವಾಗ ಸಾಹಿತ್ಯವೆಂಬುದೇ ವ್ಯರ್ಥ ವ್ಯಸನ ಎಂದು ಮಗುವನ್ನು ಗದರುವುದಕ್ಕೆ ಧಾರ್ಮಿಕ ಆಧಾರವಿಲ್ಲ.

ಆದರೆ ಕಥೆಗಾರರಾಗಲು ಅದಕ್ಕೇ ಮೀಸಲಾದ ಪದವಿ ಬೇಕೇ? ಕನ್ನಡದ ಅನುಭವ ಬೇರೆಯೇ ಹೇಳುತ್ತದೆ. ನಮ್ಮ ಉತ್ತರ ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 1936ರಲ್ಲಿ ಜನಿಸಿದ ಕೆ.ಎಸ್. ನಿಸಾರ್ ಅಹಮದ್ ಅವರು ಓದಿದ್ದು ಮತ್ತು ಬೋಧಿಸಿದ್ದು ಭೂವಿಜ್ಞಾನ. ಕನ್ನಡ ನಾಡು ಅವರನ್ನು ನಿತ್ಯೋತ್ಸವದ ಕವಿಯೆಂದು ಎದೆಗಪ್ಪಿಕೊಂಡಿತು. 'ಸ್ವಾತಂತ್ರ್ಯದ ಓಟ' ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬೊಳುವಾರು ಮಹಮದ್ ಕುಂಞಿ ಅವರು ಬ್ಯಾಂಕ್ ಉದ್ಯೋಗಿಯಾಗಿದ್ದರು. ಬಾನು ಮುಷ್ತಾಕ್ ಅವರು ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದು, ವಕೀಲಿ ವೃತ್ತಿಯನ್ನೂ ನಡೆಸಿದವರು. ಅನುಭವದ ಕಣಜ ತುಂಬಿದ್ದು ನ್ಯಾಯಾಲಯದಲ್ಲಿ, ಬ್ಯಾಂಕಿನಲ್ಲಿ, ತರಗತಿಯಲ್ಲಿ. ಕಥೆಯನ್ನು ಅವರು ಓದಿ, ಬರೆದು, ತಿದ್ದಿ ಕಲಿತರು.

ಇದರಿಂದ ನಾವು ತಲುಪುವ ತೀರ್ಮಾನ ಸರಳ. ವಿಶ್ವವಿದ್ಯಾಲಯದಲ್ಲಿ ಕಳೆಯುವ ಎರಡು ಅಥವಾ ಮೂರು ವರ್ಷಗಳನ್ನು ಮನೆಯಲ್ಲಿ ಕುಳಿತು ಕಲಿಯಲಾಗದ ವಿದ್ಯೆಗೆ ಮೀಸಲಿಡಬೇಕು. ಕಥೆ ಬರೆಯುವ ಮಗು ಐಚ್ಛಿಕ ಕನ್ನಡವನ್ನು ಆರಿಸಿಕೊಳ್ಳಲಿ. ಅಲ್ಲಿ ಪಂಪನಿಂದ ಹಿಡಿದು ಇಂದಿನವರೆಗಿನ ಸಾಹಿತ್ಯವನ್ನು ಗುರುಮುಖೇನ ಓದುವ ಶಿಸ್ತು ದೊರೆಯುತ್ತದೆ. ಮುಂದೆ ಬಿ.ಎಡ್. ಮಾಡಿ ಶಿಕ್ಷಕ ವೃತ್ತಿಗೆ ಹೋಗುವ ದಾರಿಯೂ ತೆರೆದಿರುತ್ತದೆ. ವಿಮರ್ಶೆ ಮತ್ತು ಸಂಶೋಧನೆಯಲ್ಲಿ ಆಸಕ್ತಿ ಹುಟ್ಟಿದರೆ, 'ಕತ್ತಿಯಂಚಿನ ದಾರಿ' ಕೃತಿಗೆ 2010ರ ಅಕಾಡೆಮಿ ಪ್ರಶಸ್ತಿ ಪಡೆದ ರಹಮತ್ ತರೀಕೆರೆ ಅವರ ಮಾದರಿ ಮುಂದಿದೆ. ಕಥೆಯನ್ನು ರಾತ್ರಿ ಬರೆಯಬಹುದು, ಹಗಲಿನ ಓದು ಅದಕ್ಕೆ ಗೊಬ್ಬರವಾಗುತ್ತದೆ.

ಇಲ್ಲಿ ಸಮುದಾಯದ ಕುರಿತೂ ಒಂದು ಮಾತು ಹೇಳಬೇಕಿದೆ. ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಲಾಖ್‌ನ ದುರುಪಯೋಗಕ್ಕೆ ಬಲಿಯಾದ ಹೆಣ್ಣಿನ ಸಂಕಟವನ್ನು ಬರೆದರು. ಅವರೂ ಬಾನು ಮುಷ್ತಾಕ್ ಅವರೂ ನಮ್ಮವರಿಂದಲೇ ವಿರೋಧವನ್ನು ಎದುರಿಸಬೇಕಾಯಿತು. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕೆಂದಿಲ್ಲ. ಒಪ್ಪದುದಕ್ಕೆ ಲೇಖನದಿಂದ ಉತ್ತರಿಸಬಹುದು. ಆದರೆ ಇಸ್ಲಾಮ್ ಹೆಣ್ಣಿಗೆ ನೀಡಿದ ಹಕ್ಕನ್ನು ಮನೆಯೊಳಗೆ ಕಸಿದುಕೊಂಡು, ಅದನ್ನು ಬರೆದವಳನ್ನು ಧರ್ಮದ ವಿರೋಧಿ ಎನ್ನುವುದು ನ್ಯಾಯವಲ್ಲ. ಬರಹಗಾರನಿಗೆ ತೊಂದರೆ ಕೊಡಬಾರದೆಂಬ ಕುರ್‌ಆನ್‌ನ ಎಚ್ಚರಿಕೆ ಸಾಲಪತ್ರದ ಸಂದರ್ಭದಲ್ಲಿ ಬಂದಿರಬಹುದು. ಅದರ ಆಶಯ ಸಾಲಪತ್ರಕ್ಕಷ್ಟೇ ಸೀಮಿತವಲ್ಲ. ಮಗಳನ್ನು ಸಾಹಿತ್ಯದ ತರಗತಿಗೆ ಕಳುಹಿಸುವ ತಂದೆ, ಮುಂದೆ ಅವಳು ಕಹಿ ಸತ್ಯವನ್ನು ಬರೆದಾಗ ಅವಳ ಬೆನ್ನಿಗೆ ನಿಲ್ಲುವ ನಿರ್ಧಾರವನ್ನೂ ಅಂದೇ ಮಾಡಬೇಕು.

ಮೂರನೆಯದು ಅನುವಾದ. ನಮ್ಮ ಮನೆಗಳ ಚರ್ಚೆಯಲ್ಲಿ ಇದರ ಹೆಸರು ಕೇಳಿಬರುವುದು ತೀರಾ ಅಪರೂಪ. ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ದೊರೆತ ಬಂಡವಾಳವಿರುವುದು ಇಲ್ಲಿಯೇ. ಬಾಗಲಗುಂಟೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿಯೊಂದಿಗೆ ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಲಿಪಿ, ಶಾಲೆಯಲ್ಲಿ ಇಂಗ್ಲಿಷ್. ಕರಾವಳಿಯಿಂದ ಬಂದ ಕುಟುಂಬವಾದರೆ ಬ್ಯಾರಿಯೋ ನವಾಯತಿಯೋ ಸೇರಿಕೊಳ್ಳುತ್ತದೆ. ಹತ್ತು ವರ್ಷದ ಮಗು ದಿನಕ್ಕೆ ಹತ್ತಾರು ಬಾರಿ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಇದನ್ನು ನಾವು ಗೊಂದಲವೆಂದು ಭಾವಿಸಿ ಇಂಗ್ಲಿಷೊಂದೇ ಸಾಕೆನ್ನುತ್ತೇವೆ. ಅದು ನಿಜಕ್ಕೂ ಅಲ್ಲಾಹನು ಕೊಟ್ಟ ಸಂಪತ್ತು.

ಪ್ರವಾದಿ(ಸ)ಯವರು ಯುವಕ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಲಿಪಿ ಮತ್ತು ಭಾಷೆಯನ್ನು ಕಲಿಯುವಂತೆ ಆದೇಶಿಸಿದರು. ಪತ್ರ ವ್ಯವಹಾರದಲ್ಲಿ ಇತರರ ಅನುವಾದವನ್ನೇ ಅವಲಂಬಿಸುವುದು ಅವರಿಗೆ ಸರಿಯೆನಿಸಿರಲಿಲ್ಲ. ಝೈದ್(ರ)ರು ಅರ್ಧ ತಿಂಗಳಲ್ಲಿ ಅದನ್ನು ಕಲಿತರೆಂದು ತಿರ್ಮಿದಿಯ ವರದಿಯಲ್ಲಿದೆ. ಮುಂದೆ ಅಬೂಬಕರ್(ರ)ರ ಕಾಲದಲ್ಲಿ ಕುರ್‌ಆನ್‌ನ ಸಂಗ್ರಹದ ಮಹಾ ಹೊಣೆಯೂ ಅವರ ಹೆಗಲಿಗೇ ಬಂತು. ಒಂಬತ್ತನೆಯ ಶತಮಾನದ ಬಗ್ದಾದ್‌ನಲ್ಲಿ ಹುನೈನ್ ಬಿನ್ ಇಸ್ಹಾಕ್ ಎಂಬ ಕ್ರೈಸ್ತ ವೈದ್ಯರು ಗ್ರೀಕ್ ವೈದ್ಯಗ್ರಂಥಗಳ ಹಲವು ಪ್ರತಿಗಳನ್ನು ಸಂಗ್ರಹಿಸಿ, ಒಂದಕ್ಕೊಂದು ಹೋಲಿಸಿ, ಶುದ್ಧಪಾಠವನ್ನು ನಿರ್ಧರಿಸಿದ ಬಳಿಕವೇ ಅನುವಾದಿಸುತ್ತಿದ್ದರು. ಅನುವಾದಕನ ಹೊಣೆ ನಿಷ್ಠೆ. ಮೂಲದಲ್ಲಿ ಇಲ್ಲದುದನ್ನು ಸೇರಿಸದೆ, ಇರುವುದನ್ನು ಬಚ್ಚಿಡದೆ ದಾಟಿಸುವುದು.

ಈ ನಿಷ್ಠೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಫತ್ವಾ ಎಂಬ ಒಂದೇ ಪದ ಸಾಕು. ಅದರ ಅರ್ಥ, ಕೇಳಿದ ಪ್ರಶ್ನೆಗೆ ಧರ್ಮಶಾಸ್ತ್ರ ಬಲ್ಲ ಮುಫ್ತಿಯೊಬ್ಬರು ನೀಡುವ ಅಭಿಪ್ರಾಯ. ಕನ್ನಡದ ಸುದ್ದಿಗಳಲ್ಲಿ ಅದು ಹೊರಡಿಸುವ ಆಜ್ಞೆಯಾಗಿ, ಬಹಳಷ್ಟು ಸಲ ಬೆದರಿಕೆಯಾಗಿ ಬಳಕೆಯಾಗುತ್ತದೆ. 2014ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಫತ್ವಾಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಯಾರ ಮೇಲೂ ಬಲವಂತವಾಗಿ ಹೇರುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಪದವನ್ನು ಸರಿಯಾಗಿ ದಾಟಿಸಬಲ್ಲವರು ಸುದ್ದಿಮನೆಗಳಲ್ಲೂ ಪ್ರಕಾಶನಗಳಲ್ಲೂ ಇದ್ದಿದ್ದರೆ ಎಷ್ಟೋ ದ್ವೇಷ ಹುಟ್ಟುವ ಮುನ್ನವೇ ಕರಗುತ್ತಿತ್ತು. ಉತ್ತರ ಕೊಡುವವರು ಬೇಕೆಂದು ಹಂಬಲಿಸುವ ನಾವು, ಅರ್ಥ ತಿಳಿಸುವವರನ್ನು ತಯಾರು ಮಾಡಲಿಲ್ಲ.

2025ರ ಮೇ 20ರಂದು ಲಂಡನ್‌ನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾಯಿತು. ಈ ಪ್ರಶಸ್ತಿ ಕನ್ನಡಕ್ಕೆ ಬಂದದ್ದು ಅದೇ ಮೊದಲು. ಪ್ರಶಸ್ತಿಯ 50,000 ಪೌಂಡ್ ಮೊತ್ತ ಲೇಖಕಿಗೆ ಅರ್ಧ, ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅರ್ಧ ಎಂದು ಸಮನಾಗಿ ಹಂಚಿಕೆಯಾಯಿತು. ಮುಸ್ಲಿಮ್ ಮಹಿಳೆಯರ ಬದುಕಿನ ಕಥೆಗಳನ್ನು ಲೋಕಕ್ಕೆ ತಲುಪಿಸಿದವರು ನಮ್ಮ ಸಮುದಾಯಕ್ಕೆ ಸೇರಿದವರಲ್ಲ ಎಂಬುದು ಕನ್ನಡದ ಹಿರಿಮೆ. ಬೂಕರ್ ಬಂದಾಗ ನಾವೆಲ್ಲ ಲೇಖಕಿಯ ಹೆಸರನ್ನು ಹೇಳಿ ಸಂಭ್ರಮಿಸಿದೆವು. ಅನುವಾದವೂ ಒಂದು ಕಲಿಯಬಹುದಾದ ವಿದ್ಯೆ, ಗೌರವದ ವೃತ್ತಿ ಎಂಬ ಪಾಠವನ್ನು ಮನೆಗೆ ಕೊಂಡೊಯ್ದವರು ಎಷ್ಟು ಮಂದಿ?

ಅನುವಾದವನ್ನು ಗುರುವಿಲ್ಲದೆ ಕಲಿಯುವುದು ಕಷ್ಟ. ಎರಡು ಭಾಷೆ ಮಾತನಾಡಲು ಬಂದ ಮಾತ್ರಕ್ಕೆ ಅನುವಾದ ಬರುವುದಿಲ್ಲ. ಪ್ರತಿಯೊಂದು ವಾಕ್ಯವನ್ನೂ ಬಲ್ಲವರು ತಿದ್ದಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಅನುವಾದ ಅಧ್ಯಯನದ ಸ್ನಾತಕೋತ್ತರ ಪದವಿಯಿದೆ. ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದಲ್ಲೂ ಅನುವಾದದ ವಿಭಾಗವಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್, ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಕೆಲಸ ಮಾಡುತ್ತಿವೆ. ಮೂರು ವರ್ಷದ ಪದವಿಯಲ್ಲಿ ಐಚ್ಛಿಕ ಕನ್ನಡವನ್ನೂ ಐಚ್ಛಿಕ ಇಂಗ್ಲಿಷ್ ಅಥವಾ ಉರ್ದುವನ್ನೂ ಜೊತೆಯಾಗಿ ಹಿಡಿದವರಿಗೆ ಈ ದಾರಿ ಸುಗಮವಾಗುತ್ತದೆ.

ಯಂತ್ರವೇ ಕ್ಷಣದಲ್ಲಿ ಅನುವಾದಿಸುವಾಗ ಇದನ್ನು ಕಲಿತು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅಂಗಡಿಯ ಸೂಚನಾ ಫಲಕಕ್ಕೆ ಯಂತ್ರ ಸಾಕಾಗಬಹುದು. ಆದರೆ ವಿಚ್ಛೇದನದ ದಾಖಲೆ, ಔಷಧದ ಸೂಚನೆ, ಧರ್ಮಗ್ರಂಥದ ವ್ಯಾಖ್ಯಾನ ತಪ್ಪಾದರೆ ಯಾರು ಉತ್ತರಿಸಬೇಕು? ಅಮಾನತ್ತನ್ನು ಮನುಷ್ಯನಿಗೆ ಮಾತ್ರ ಒಪ್ಪಿಸಲು ಸಾಧ್ಯ. ಯಂತ್ರ ಬರೆದುದನ್ನು ತೂಗಿ, ತಪ್ಪನ್ನು ಗುರುತಿಸಿ, ತನ್ನ ಹೆಸರನ್ನು ಕೆಳಗೆ ಬರೆಯಬಲ್ಲವರ ಅಗತ್ಯ ಇದ್ದೇ ಇರುತ್ತದೆ. ಹಾಗೆಂದು ನಾವು ಯಾರಿಗೂ ದೊಡ್ಡ ಸಂಬಳದ ಆಸೆ ತೋರಿಸುವುದಿಲ್ಲ. ಬರವಣಿಗೆಯ ಯಾವ ಶಾಖೆಯಲ್ಲೂ ಆರಂಭದ ವರ್ಷಗಳು ಕಷ್ಟದವು. ಅದನ್ನು ಮನೆಯವರೆಲ್ಲ ತಿಳಿದೇ ನಿರ್ಧರಿಸಬೇಕು.

ನಿರ್ಧರಿಸುವುದು ಹೇಗೆ? ಪ್ರವೇಶಕ್ಕೆ ಮುನ್ನ ಒಂದು ತಿಂಗಳು ಮಗುವಿಗೆ ಮೂರು ಕೆಲಸ ಕೊಡಿ ಎಂಬುದು ನಮ್ಮ ಸಲಹೆ. ಬಡಾವಣೆಯ ಒಂದು ಸಮಸ್ಯೆಯನ್ನು ಕುರಿತು ನಾಲ್ಕು ಜನರನ್ನು, ಒಬ್ಬ ಅಧಿಕಾರಿಯನ್ನು ಮಾತನಾಡಿಸಿ ವರದಿ ಬರೆಯಲಿ. ಒಂದು ಕಥೆ ಬರೆಯಲಿ. ಉರ್ದುವಿನ ಅಥವಾ ಇಂಗ್ಲಿಷಿನ ಎರಡು ಪುಟಗಳನ್ನು ಕನ್ನಡಕ್ಕೆ ತರಲಿ. ಮೂರನ್ನೂ ಬಲ್ಲವರೊಬ್ಬರಿಗೆ ತೋರಿಸಿ ತಿದ್ದಿಸಿಕೊಳ್ಳಲಿ. ಯಾರೂ ಹೇಳದಿದ್ದರೂ ಯಾವುದನ್ನು ಮಗು ನಾಲ್ಕನೆಯ ಬಾರಿ ಮತ್ತೆ ಬರೆಯಲು ಕುಳಿತುಕೊಳ್ಳುತ್ತದೋ ಅದೇ ಅದರ ಶಾಖೆ. ಹೊಗಳಿಕೆ ಸಿಕ್ಕಿದ ಬರಹಕ್ಕಿಂತ, ತಿದ್ದುವ ಸಹನೆ ಕಂಡ ಬರಹವೇ ಹೆಚ್ಚು ನಂಬಿಕಸ್ಥ ಸೂಚನೆ. ನಿರ್ಧಾರಕ್ಕೆ ಮುನ್ನ ಇಸ್ತಿಖಾರ ನಮಾಝ್ ಮಾಡಿ ಅಲ್ಲಾಹನಲ್ಲಿ ಒಳಿತನ್ನು ಬೇಡುವ ಪ್ರವಾದಿಚರ್ಯೆಯನ್ನೂ ಮರೆಯದಿರಲಿ.

ಬಳಿಕ ಕಾಲೇಜಿಗೆ ಹೋಗಿ ವಿಚಾರಿಸಿ. ಕಟ್ಟಡ ಎಷ್ಟು ದೊಡ್ಡದೆಂದು ಕೇಳುವ ಬದಲು, ವಿದ್ಯಾರ್ಥಿಗಳ ಬರಹವನ್ನು ತಿದ್ದುವವರು ಯಾರು, ಪ್ರಯೋಗ ಪತ್ರಿಕೆ ಹೊರಬರುತ್ತದೆಯೇ, ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಕೇಳಿ. ದೂರದ ನೆಪ ಹೇಳಿ ಹೆಣ್ಣುಮಕ್ಕಳನ್ನು ತಡೆಯುವ ಕಾಲ ಕಳೆದಿದೆ. ದಾಸರಹಳ್ಳಿ ಅಥವಾ ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾದರೆ, ಮುಂದಿನ ನಿಲ್ದಾಣವೇ ಸೆಂಟ್ರಲ್ ಕಾಲೇಜು. ಅದೇ ಮಾರ್ಗದಲ್ಲಿ ಪಶ್ಚಿಮಕ್ಕೆ ಹೋದರೆ ಜ್ಞಾನಭಾರತಿ. ಶುಲ್ಕದ ಚಿಂತೆಯಿರುವವರು ಅಲ್ಪಸಂಖ್ಯಾತರಿಗಾಗಿ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕಾಲಮಿತಿಯೊಳಗೆ ಅರ್ಜಿ ಸಲ್ಲಿಸಬೇಕು.

ಜಮಾಅತ್‌ಗಳ ಪಾಲಿಗೂ ಒಂದು ಕೆಲಸವಿದೆ. ಮಸೀದಿಯ ಒಂದು ಕೋಣೆಯಲ್ಲಿ ಕನ್ನಡದ ನಾಲ್ಕು ಪತ್ರಿಕೆ, ಇನ್ನೂರು ಪುಸ್ತಕ, ಒಂದು ಮೇಜು ಇದ್ದರೆ ಸಾಕು. ಜುಮಾ ಪ್ರವಚನದ ಸಾರಾಂಶವನ್ನು ವಾರಕ್ಕೊಮ್ಮೆ ಕನ್ನಡಕ್ಕೆ ತರುವ ಹೊಣೆಯನ್ನು ಒಬ್ಬ ವಿದ್ಯಾರ್ಥಿಗೆ, ಒಬ್ಬ ವಿದ್ಯಾರ್ಥಿನಿಗೆ ವಹಿಸಲಿ. ಅದಕ್ಕೆ ಸಣ್ಣ ಗೌರವಧನವನ್ನೂ ಕೊಡಲಿ. ಪುಕ್ಕಟೆ ಬರೆಸಿಕೊಂಡು ಬರವಣಿಗೆಗೆ ಬೆಲೆಯಿಲ್ಲವೆಂದು ಮಕ್ಕಳಿಗೆ ನಾವೇ ಕಲಿಸಬಾರದು.

ಪತ್ರಕರ್ತ ಪರಿಶೀಲಿಸುತ್ತಾನೆ, ಕಥೆಗಾರ ಸಾಕ್ಷಿ ನುಡಿಯುತ್ತಾನೆ, ಅನುವಾದಕ ನಿಷ್ಠೆಯಿಂದ ದಾಟಿಸುತ್ತಾನೆ. ಈ ಮೂರರಲ್ಲಿ ಯಾವುದೂ ಕೀಳಲ್ಲ, ಯಾವುದೂ ಸುಲಭವಲ್ಲ. ನಮ್ಮ ಮಕ್ಕಳು ಬರೆದ ಪ್ರತಿಯೊಂದು ಅಕ್ಷರಕ್ಕೂ ಅಲ್ಲಾಹನ ಮುಂದೆ ಉತ್ತರಿಸಬೇಕಿದೆ ಎಂಬ ಪ್ರಜ್ಞೆಯೊಂದಿಗೆ ಅವರು ತಮಗೆ ಒಗ್ಗುವ ಶಾಖೆಯನ್ನು ಆರಿಸಿಕೊಳ್ಳಲಿ. ಅವರನ್ನು ತಡೆಯದೆ, ತಳ್ಳದೆ, ಜೊತೆಯಲ್ಲಿ ನಡೆಯುವ ವಿವೇಕವನ್ನು ಅಲ್ಲಾಹನು ಹೆತ್ತವರಾದ ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೀನ್.